ಲೋಳೆಯೆಂದರೆ ಮೂಗು ಮುರಿಯಬೇಡಿ

ಬೇಲಿಗೆ ಹಬ್ಬಿದ ದಾಗಡಿ ಬಳ್ಳಿಯಿಂದ ಎರಡು ಹಿಡಿ ಎಲೆ ಕಿತ್ತುಕೊಳ್ಳಿ. ತೊಳೆದು, ಅರ್ಧ ಚೊಂಬು ನೀರಿಗೆ ಹಾಕಿ ಕೈಯಲ್ಲೇ ಚೆನ್ನಾಗಿ ಕಿವುಚಿ. ನೀರು ಹಸಿರಾಗಿ ಬೆರಳ ಸಂದಿಯಲ್ಲಿ ಜಾರತೊಡಗಿದಾಗ ಸಿಪ್ಪೆ ಹಿಂಡಿ ತೆಗೆದು, ಬಟ್ಟೆಯಲ್ಲಿ ಸೋಸಿ, ತಟ್ಟೆಗೆ ಸುರಿದು ಪಕ್ಕಕ್ಕಿಡಿ. ದನಕ್ಕೆ ಹುಲ್ಲು ಹಾಕಿ, ಕೈಕಾಲು ತೊಳೆದು ಬರುವಷ್ಟರಲ್ಲಿ ಆ ನೀರು ನೀರಾಗಿ ಉಳಿದಿರುವುದಿಲ್ಲ. ಗಟ್ಟಿ ಮೊಸರಿನಂತೆ ಹೆಪ್ಪುಗಟ್ಟಿ, ತಟ್ಟೆ ಓರೆ ಮಾಡಿದರೂ ಚೆಲ್ಲದೆ ನಡುಗುತ್ತಾ ಕೂತಿರುತ್ತದೆ. ಒಲೆ ಹಚ್ಚಿಲ್ಲ, ಹೆಪ್ಪು ಹಾಕಿಲ್ಲ, ಫ್ರಿಜ್ಜಿನಲ್ಲಿ ಇಟ್ಟಿಲ್ಲ. ಬರೀ ಎಲೆ, ಬರೀ ನೀರು.

ಚನ್ನರಾಯಪಟ್ಟಣ, ಹೊಳೆನರಸೀಪುರದ ಬಯಲು ಸೀಮೆಯಲ್ಲಿ ಕುರಿ ದನ ಮೇಯಿಸಿ ಬೆಳೆದವರಿಗೆ ಇದು ಔಷಧಿ ಆಗುವುದಕ್ಕಿಂತ ಮುಂಚೆ ಆಟ. ಹುಡುಗರು ಯಾರ ತಟ್ಟೆ ಮೊದಲು ಹೆಪ್ಪುಗಟ್ಟುತ್ತದೆ ಎಂದು ಪಂಥ ಕಟ್ಟುತ್ತಿದ್ದರು. ತಡೆಯಲಾರದೆ ಬೆರಳು ಅದ್ದಿ ನೋಡುವವನಿಗೆ ಅಜ್ಜಿಯ ಗದರಿಕೆ: 'ಅಲುಗಾಡಿಸಬ್ಯಾಡ ಕಣ್ಲಾ ಮಗ, ಒಡೆದೋಯ್ತದೆ.' ಹೆಪ್ಪುಗಟ್ಟಿದ ಮೇಲೆ ಅದಕ್ಕೇ ಒಂದಿಷ್ಟು ಸಕ್ಕರೆಯನ್ನೋ ಬೆಲ್ಲವನ್ನೋ ಕಲಸಿ ಕುಡಿಸುತ್ತಿದ್ದರು. ಯಾಕೆ ಎಂದು ಕೇಳಿದರೆ ಒಂದೇ ಉತ್ತರ: 'ಉಷ್ಣಕ್ಕೆ.' ಉರಿಮೂತ್ರವಾದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ, ಕಣ್ಣು ಉರಿದರೂ ಉಷ್ಣ.

ಆ 'ಉಷ್ಣ' ಎಂಬ ಮಾತನ್ನು ಓದಿದವರು ನಕ್ಕು ಬದಿಗೆ ಸರಿಸುತ್ತಾರೆ. ಆದರೆ ಈ ಮೂರೂ ತೊಂದರೆಗಳಿಗೆ ಒಂದು ನಂಟಿದೆ. ಮೂರೂ ಕಡೆ ಬೆಂದಿರುವುದು ಚರ್ಮವಲ್ಲ, ಲೋಳೆಪೊರೆ.

ಒಂದೇ ಮಾತು, ಎರಡು ಲೋಳೆ

ನಮ್ಮ ಮೈಗೆ ಹೊರಗೆ ಒಂದು ಹೊದಿಕೆ ಇದ್ದ ಹಾಗೆ ಒಳಗೂ ಒಂದು ಹೊದಿಕೆಯಿದೆ. ಮೂಗು, ಬಾಯಿ, ಗಂಟಲು, ಶ್ವಾಸನಾಳ, ಜಠರ, ಕರುಳು, ಮೂತ್ರನಾಳ, ಕಣ್ಣುರೆಪ್ಪೆಯ ಒಳಬದಿ ಎಲ್ಲ ಕಡೆಯೂ ತೇವವಾದ, ನವಿರಾದ ಪೊರೆ. ಹೊರಗಿನ ಚರ್ಮಕ್ಕೆ ಒಣ ಪದರವೇ ರಕ್ಷಣೆ. ಒಳಗಿನ ಪೊರೆಗೆ ಒದ್ದೆಯೇ ರಕ್ಷಣೆ. ಅದರ ಮೇಲೆ ಸದಾ ಒಂದು ತೆಳುವಾದ ಲೋಳೆ ಹರಡಿರುತ್ತದೆ. ಆ ಲೋಳೆಯ ಬಹುಪಾಲು ನೀರು. ಉಳಿದ ಚೂರುಪಾರಿನಲ್ಲಿ ಮ್ಯೂಸಿನ್ ಎಂಬ ಪ್ರೋಟೀನು. ಉದ್ದನೆಯ ದಾರದಂಥ ಈ ಪ್ರೋಟೀನಿನ ಮೈತುಂಬ ಸಕ್ಕರೆಯ ಕವಲುಗಳು ಬಾಟಲಿ ತೊಳೆಯುವ ಬ್ರಷ್ಷಿನ ಕೂದಲಿನಂತೆ ಚಾಚಿಕೊಂಡಿರುತ್ತವೆ. ನೀರನ್ನು ಹಿಡಿದು ನಿಲ್ಲಿಸುವುದು ಆ ಕವಲುಗಳೇ. ಜಠರದಲ್ಲಿ ಸುರಿಯುವ ಹೈಡ್ರೊಕ್ಲೋರಿಕ್ ಆಮ್ಲ ನಮ್ಮ ಜಠರವನ್ನೇ ಬೇಯಿಸಿ ತಿನ್ನದೆ ಬಿಟ್ಟಿರುವುದು ಈ ಲೋಳೆಯ ಕೃಪೆ.

ಇನ್ನು ದಾಗಡಿ ಎಲೆಯನ್ನು ನೋಡಿ. ಅದರೊಳಗೂ ಇರುವುದು ಸಕ್ಕರೆಯ ಉದ್ದುದ್ದ ಸರಪಣಿಗಳೇ. ನೀರು ಸಿಕ್ಕರೆ ಬಿಚ್ಚಿಕೊಂಡು, ಒಂದಕ್ಕೊಂದು ಹೆಣೆದುಕೊಂಡು, ನೀರನ್ನು ಬಲೆಯಲ್ಲಿ ಹಿಡಿದಂತೆ ಹಿಡಿಯುತ್ತವೆ. ಮೆಂತ್ಯದ ಕಾಳು, ಬೆಂಡೆಕಾಯಿ, ಬಸಳೆ, ದಾಸವಾಳದ ಎಲೆ, ಕಾಮಕಸ್ತೂರಿ ಬೀಜ, ಅಗಸೆ, ಲೋಳೆಸರ ಎಲ್ಲದರದೂ ಇದೇ ಕಥೆ. ಮೈಯ ಲೋಳೆ ಬೇರೆ, ಗಿಡದ ಲೋಳೆ ಬೇರೆ. ಮಾಡುವ ಕೆಲಸ ಮಾತ್ರ ಹತ್ತಿರ ಹತ್ತಿರ. ಎರಡಕ್ಕೂ 'ಲೋಳೆ' ಎಂದೇ ಹೆಸರಿಟ್ಟ ಕನ್ನಡಕ್ಕೆ ಇದು ಪ್ರಯೋಗಾಲಯವಿಲ್ಲದೆ ಹೊಳೆದಿತ್ತು.

ಒಳಪೊರೆಯ ಲೋಳೆ ತೆಳುವಾದಾಗ, ಹರಿದಾಗ ಅದರ ಮೇಲೆ ಹೊರಗಿನಿಂದ ಒಂದು ಲೋಳೆಯ ಹೊದಿಕೆ ಹಾಸುವ ವಸ್ತುಗಳಿಗೆ ವೈದ್ಯರು 'ಡೆಮಲ್ಸೆಂಟ್' ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಆ ಮಾತಿನ ಬೇರಿಗೆ ನೇವರಿಸುವುದು ಎಂದರ್ಥ. ಅಳುವ ಮಗುವಿನ ಬೆನ್ನು ನೇವರಿಸುತ್ತೇವಲ್ಲ, ಹಾಗೆ. ಈ ಬರಹ ಮುಗಿಯುವ ತನಕ ಆ ಅರ್ಥವನ್ನು ಕೈಬಿಡಬೇಡಿ. ನೇವರಿಸಿದರೆ ಅಳು ನಿಲ್ಲುತ್ತದೆ. ಮಗು ಅತ್ತದ್ದು ಯಾಕೆ ಎಂಬುದು ಬೇರೆ ಪ್ರಶ್ನೆ.

ಉರಿ ಎಂದರೆ ನಿಜವಾಗಿಯೂ ಉರಿಯೇ

ಹಾಸನಾಂಬೆ ಗುಡಿಯ ಬಾಗಿಲು ತೆರೆದು ಮುಚ್ಚುವ ಹೊತ್ತಿಗೆ ನಮ್ಮ ಹಾಸನ ಜಿಲ್ಲೆಯಲ್ಲಿ ಚಳಿ ಇಣುಕುತ್ತದೆ. ದೀಪಾವಳಿ ಕಳೆದ ಮೇಲೆ ಬೆಳಗಿನ ಮಂಜು, ಮಧ್ಯಾಹ್ನದ ಒಣಗಾಳಿ, ಸಂಜೆಗೆ ಕಣದ ದೂಳು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ ಹೊಗೆಸೊಪ್ಪಿನದೇ ಒಂದು ಋತು. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇರುವುದು ಅಲ್ಲೇ. ಸೊಪ್ಪನ್ನು ಬ್ಯಾರನ್ ಎಂಬ ಹದ ಮಾಡುವ ಕೋಣೆಯಲ್ಲಿ ಕಟ್ಟಿ ಐದಾರು ದಿನ ಹಗಲೂ ರಾತ್ರಿ ಹದವಾದ ಶಾಖ ಕೊಡಬೇಕು. ಶಾಖ ಕೊಳವೆಯಲ್ಲಿ ಹರಿಯುವುದರಿಂದ ಹೊಗೆ ಸೊಪ್ಪಿಗೆ ತಾಗುವುದಿಲ್ಲ. ತಾಗುವುದು ಒಲೆಯ ಬಾಯಲ್ಲಿ ಕೂತು ಸೌದೆ ನೂಕುವವರ ಗಂಟಲಿಗೆ. ಆ ತಿಂಗಳುಗಳಲ್ಲಿ ಬ್ಯಾರನ್ನಿನ ಮುಂದೆ ರಾತ್ರಿ ಕಳೆದವರನ್ನು ಮಾತಾಡಿಸಿ, ಎರಡು ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ.

ಹೊಗೆ, ದೂಳು, ಒಣಗಾಳಿ ಅಥವಾ ನೆಗಡಿಯ ವೈರಸ್, ಕಾರಣ ಯಾವುದೇ ಇರಲಿ, ಆಗುವುದು ಹೆಚ್ಚುಕಡಿಮೆ ಒಂದೇ: ಪೊರೆಯ ಮೇಲಿನ ಲೋಳೆಯ ಹೊದಿಕೆ ಕೆಡುತ್ತದೆ, ಪೊರೆ ಊದಿಕೊಳ್ಳುತ್ತದೆ, ಅಡಿಯಲ್ಲಿರುವ ನರಗಳ ತುದಿಗಳು ಬಯಲಾಗುತ್ತವೆ. ಆ ತುದಿಗಳಲ್ಲಿ ಶಾಖವನ್ನು ಗುರುತಿಸುವ ಒಂದು ಗ್ರಾಹಕವಿದೆ. ಅಮೆರಿಕದ ಡೇವಿಡ್ ಜೂಲಿಯಸ್ ಅದನ್ನು 1997ರಲ್ಲಿ ಪತ್ತೆ ಮಾಡಿದರು. 2021ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಎಚ್ಚರಗೊಳ್ಳುವ ಈ ಗ್ರಾಹಕವನ್ನು ಮೆಣಸಿನಕಾಯಿಯ ಖಾರವೂ ತಟ್ಟಿ ಎಬ್ಬಿಸುತ್ತದೆ. ಹಾಗಾಗಿಯೇ ಖಾರ ತಿಂದರೆ 'ಬಾಯಿ ಉರಿಯುತ್ತದೆ.' ಪೊರೆ ಊದಿಕೊಂಡಾಗ ಈ ಗ್ರಾಹಕ ಇನ್ನೂ ಚುರುಕಾಗುತ್ತದೆ. ಮೈಯ ಸಹಜ ಬಿಸಿಯೂ ಅದಕ್ಕೆ ಕೆಂಡದಂತೆ ತೋರಬಹುದು. ಅಜ್ಜಿ 'ಉಷ್ಣ' ಎಂದದ್ದು ರೋಗದ ಕಾರಣವಾಗಿ ತಪ್ಪಿರಬಹುದು. ಆಗುತ್ತಿರುವ ಅನುಭವದ ವರ್ಣನೆಯಾಗಿ ಕರಾರುವಾಕ್ಕು.

ಇಂಥ ಬಯಲಾದ ನರದ ತುದಿಗೆ ಲೋಳೆಯ ಪದರ ಬಿದ್ದರೆ ಗಾಳಿ, ಆಮ್ಲ, ಖಾರ ಯಾವುದೂ ನೇರವಾಗಿ ತಾಗುವುದಿಲ್ಲ. ತೇವ ಉಳಿಯುತ್ತದೆ. ನುಂಗುವಾಗ ಗೀರಿದಂತಾಗುವುದಿಲ್ಲ. ಇಷ್ಟೇ ಕೆಲಸ. ಮಾಂತ್ರಿಕವೇನಿಲ್ಲ.

ಕೆಮ್ಮಿನ ಸಿರಪ್ಪಿನೊಳಗೇನಿದೆ?

ಒಣಕೆಮ್ಮಿನ ವಿಷಯದಲ್ಲಿ ಒಂದು ತಕರಾರಿದೆ, ಅದನ್ನು ಮುಚ್ಚಿಡಬಾರದು. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಶ್ವಾಸನಾಳಕ್ಕಲ್ಲ. ಶ್ವಾಸನಾಳಕ್ಕೆ ಇಳಿದರೆ ಅದು ಅನಾಹುತ. ಹಾಗಿದ್ದ ಮೇಲೆ ಕುಡಿದ ಲೋಳೆ ಕೆಮ್ಮು ಹುಟ್ಟುವ ಜಾಗವನ್ನೆಲ್ಲ ಹೊದೆಸುವುದು ಹೇಗೆ? ಹೊದೆಸುವುದಿಲ್ಲ. ಗಂಟಲ ಹಿಂಭಾಗದ ತುರಿಕೆಯಿಂದ ಬರುವ ಕೆಮ್ಮಿಗಷ್ಟೇ ಅದರ ಕೈ ನಿಲುಕುತ್ತದೆ. ಎದೆಯಾಳದ ಕಫದ ಕೆಮ್ಮಿಗೆ ನಿಲುಕುವುದಿಲ್ಲ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ನೆಗಡಿಯನ್ನೇ ಅಧ್ಯಯನದ ವಸ್ತು ಮಾಡಿಕೊಂಡಿದ್ದ ರಾನ್ ಎಕ್ಲ್ಸ್ 2006ರಲ್ಲಿ ಇನ್ನೊಂದು ದಾರಿ ತೋರಿಸಿದರು: ಸಿಹಿ ನಾಲಗೆಗೆ ತಾಗಿದಾಗ ಜೊಲ್ಲು, ಗಂಟಲ ಲೋಳೆ ಎರಡೂ ಒಸರುತ್ತವೆ, ಸಿಹಿಯ ಸುದ್ದಿ ಮಿದುಳಿಗೆ ಮುಟ್ಟಿ ಕೆಮ್ಮಿನ ಆತುರವನ್ನೂ ಒಂದಿಷ್ಟು ತಗ್ಗಿಸುತ್ತದೆ. ಕೆಮ್ಮಿನ ಸಿರಪ್ಪುಗಳ ಗುಣದಲ್ಲಿ ದೊಡ್ಡ ಪಾಲು ಅವುಗಳ ಔಷಧಿಗಿಂತ ಆ ಸಿಹಿಯಾದ ಅಂಟುಪಾಕದ್ದೇ ಎಂಬುದು ಅವರ ವಾದ.

ಜೇನು ಗೆದ್ದದ್ದು ಇಲ್ಲೇ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಾತ್ರಿಯೆಲ್ಲ ಕೆಮ್ಮುತ್ತಿದ್ದ 105 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಜೇನು, ಇನ್ನೊಂದಕ್ಕೆ ಜೇನಿನ ರುಚಿಯ ಕೆಮ್ಮಿನ ಔಷಧಿ ಕೊಟ್ಟು, ಮತ್ತೊಂದಕ್ಕೆ ಏನೂ ಕೊಡದೆ ನೋಡಿದರು. ತಾಯ್ತಂದೆಯರ ಲೆಕ್ಕದಲ್ಲಿ ಜೇನಿನ ಗುಂಪೇ ಚೆನ್ನಾಗಿ ನಿದ್ದೆ ಮಾಡಿತು. ಬ್ರಿಟನ್ನಿನ ಆರೋಗ್ಯ ಸಂಸ್ಥೆಗಳು 2018ರಲ್ಲಿ ಸಾಧಾರಣ ಕೆಮ್ಮಿಗೆ ಆಂಟಿಬಯಾಟಿಕ್ ಬೇಡ, ಮೊದಲು ಜೇನು ನೋಡಿ ಎಂದು ವೈದ್ಯರಿಗೆ ಮಾರ್ಗಸೂಚಿ ಹೊರಡಿಸಿದವು. ಸಕಲೇಶಪುರದ ಕಡೆಯಿಂದ ಜೇನು ತರಿಸಿಕೊಳ್ಳುವ ನಮ್ಮೂರಿನವರಿಗೆ ಇದು ಹೊಸ ಸುದ್ದಿಯಲ್ಲ.

ಆದರೆ ಒಂದು ಗೆರೆ ಎಳೆಯಲೇಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬೇಡಿ. ಜೇನಿನಲ್ಲಿ ಬಾಟುಲಿಸಮ್ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ದೊಡ್ಡವರ ಕರುಳು ಅದನ್ನು ಸುಮ್ಮನಿರಿಸುತ್ತದೆ, ಎಳೆಗೂಸಿನ ಕರುಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಹುಟ್ಟಿದ ಮಗುವಿನ ನಾಲಗೆಗೆ ಜೇನು ತೀಡುವ ಶಾಸ್ತ್ರವನ್ನು ಹೆಸರಿಗಷ್ಟೇ ಮಾಡಿ, ಜೇನನ್ನು ತಾಯಿಯ ಬೆರಳಿನಲ್ಲೇ ಉಳಿಸಿ.

ಸಿರಪ್ಪಿನ ಅಂಟುಪಾಕದ ಬಗ್ಗೆ ಇನ್ನೊಂದು ಕಹಿ ಮಾತು. ಅದಕ್ಕೆ ಆ ದಪ್ಪ, ಆ ಜಾರಿಕೆ ಕೊಡುವುದು ಸಕ್ಕರೆ ಪಾಕ, ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್‌ನಂಥ ವಸ್ತುಗಳು. ಇವುಗಳಂತೆಯೇ ದಪ್ಪ, ಇವುಗಳಂತೆಯೇ ಸಿಹಿ, ಆದರೆ ಮೂತ್ರಪಿಂಡಕ್ಕೆ ಘೋರ ವಿಷವಾದ ಅಗ್ಗದ ಕೈಗಾರಿಕಾ ದ್ರವ ಒಂದಿದೆ: ಡೈಎಥಿಲೀನ್ ಗ್ಲೈಕಾಲ್. ಅಮೆರಿಕದಲ್ಲಿ 1937ರಲ್ಲಿ ಇದನ್ನು ಬಳಸಿ ಮಾಡಿದ ಸಿರಪ್ಪು ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಅಲ್ಲಿನ ಔಷಧಿ ಕಾನೂನು ಬಿಗಿಯಾದದ್ದು ಆ ಸಾವುಗಳ ಮೇಲೆ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಮತ್ತೆ ಅದೇ ವಿಷ, ಮತ್ತೆ ಮಕ್ಕಳು. 2025ರಲ್ಲಿ ನಮ್ಮದೇ ದೇಶದ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಕೆಮ್ಮಿನ ಸಿರಪ್ಪು ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಶೇ 0.1 ದಾಟಬಾರದ ಆ ವಸ್ತು ಪರೀಕ್ಷಿಸಿದ ಸಿರಪ್ಪಿನಲ್ಲಿ ಶೇ 48.6ರಷ್ಟಿತ್ತು. ಗಂಟಲಿಗೆ ಹಾಯೆನಿಸುವುದೆಲ್ಲ ಒಳಗೂ ಹಾಯಲ್ಲ. ಅದಾದ ಮೇಲೆ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಔಷಧಿ ಕೊಡಬಾರದೆಂದು ಸೂಚಿಸಿತು. ಅಂಗಡಿಯವರು ಕೊಟ್ಟರೆಂದು ಬಾಟಲಿ ತಂದು ಮಗುವಿಗೆ ಹುಯ್ಯುವ ಅಭ್ಯಾಸ ಇವತ್ತಿಗೇ ನಿಲ್ಲಬೇಕು.

ಗ್ರಂಧಿಗೆ ಅಂಗಡಿಯ ಕಡ್ಡಿ

ಊರಿನ ಯಾವುದೇ ಗ್ರಂಧಿಗೆ ಅಂಗಡಿಯಲ್ಲಿ 'ಗಂಟಲು ಕಟ್ಟಿದೆ' ಎನ್ನಿ, ಕೇಳುವ ಮೊದಲೇ ಜೇಷ್ಠಮಧುವಿನ ಕಡ್ಡಿ ಮುರಿದು ಕೊಡುತ್ತಾರೆ. ಅತಿಮಧುರ ಅಂದರೂ ಅದೇ, ಯಷ್ಟಿಮಧು ಅಂದರೂ ಅದೇ. ಹೆಸರಿಗೆ ಕಡ್ಡಿ, ನಿಜಕ್ಕೆ ಬೇರು. ಹೊರಗೆ ಕಂದು, ಮುರಿದರೆ ಒಳಗೆ ಹಳದಿ ನಾರು. ಹಲ್ಲಿನಲ್ಲಿ ಕಚ್ಚಿ ಇಟ್ಟುಕೊಂಡರೆ ಮೊದಲು ಮಣ್ಣಿನ ರುಚಿ, ಆಮೇಲೆ ನಿಧಾನವಾಗಿ ಏಳುವ, ಬೇಗ ಇಳಿಯದ ಒಂದು ಸಿಹಿ. ನಮ್ಮ ನೆಲದಲ್ಲಿ ಬೆಳೆಯುವ ಗಿಡವಲ್ಲ ಅದು. ಇರಾನ್, ಅಫ್ಘಾನಿಸ್ತಾನ, ಮಧ್ಯ ಏಷ್ಯಾದ ಕಡೆಯದು. ಆದರೂ ಹರಿಕಥೆ ದಾಸರು, ಪಾಠ ಮಾಡುವ ಮೇಷ್ಟ್ರುಗಳ ಜೇಬಿನಲ್ಲಿ ಊರಿನದೇ ಎಂಬಂತೆ ಮನೆ ಮಾಡಿಕೊಂಡಿದೆ.

ವಿಯೆನ್ನಾದ ವೈದ್ಯರು ಇದನ್ನು ಆಸ್ಪತ್ರೆಯಲ್ಲೇ ಒರೆಗೆ ಹಚ್ಚಿದರು. ಎದೆಯ ಶಸ್ತ್ರಕ್ರಿಯೆಗೆ ಅರಿವಳಿಕೆ ಕೊಡುವಾಗ ಗಂಟಲಿನ ಮೂಲಕ ದಪ್ಪ ಕೊಳವೆ ಇಳಿಸುತ್ತಾರೆ. ಎದ್ದ ಮೇಲೆ ಅನೇಕರಿಗೆ ಗಂಟಲು ಗಾಯವಾದಂತೆ ನೋಯುತ್ತದೆ. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಶಸ್ತ್ರಕ್ರಿಯೆಗೆ ಮುಂಚೆ ಅರ್ಧ ಜನರಿಗೆ ಜೇಷ್ಠಮಧುವಿನ ನೀರಿನಲ್ಲಿ, ಉಳಿದವರಿಗೆ ಸಕ್ಕರೆ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದರು. ಜೇಷ್ಠಮಧು ಮುಕ್ಕಳಿಸಿದವರಲ್ಲಿ ಗಂಟಲು ನೋವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬರೀ ಸಿಹಿಯ ಮಹಿಮೆಯಾಗಿದ್ದರೆ ಎರಡು ಗುಂಪಿಗೂ ಒಂದೇ ಫಲ ಸಿಗಬೇಕಿತ್ತು.

ಇದಕ್ಕೂ ಒಂದು ಹದ್ದಿದೆ. 1940ರ ದಶಕದಲ್ಲಿ ರೆವರ್ಸ್ ಎಂಬ ಡಚ್ ವೈದ್ಯರು ಜಠರದ ಹುಣ್ಣಿಗೆ ಜೇಷ್ಠಮಧುವಿನ ಗಟ್ಟಿಪಾಕ ಕೊಟ್ಟು ನೋಡಿದಾಗ ಹುಣ್ಣು ಮಾಯಿತು, ಆದರೆ ಕೆಲವರ ಮುಖ, ಕಾಲು ಬಾತುಕೊಂಡವು. ಅದರೊಳಗಿನ ಗ್ಲಿಸಿರೈಜಿನ್ ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತದೆ, ಪೊಟ್ಯಾಸಿಯಂ ಕಳೆಯುತ್ತದೆ, ರಕ್ತದೊತ್ತಡ ಏರಿಸುತ್ತದೆ. ನಾಲ್ಕು ದಿನ ಕಡ್ಡಿ ಚೀಪಿದರೆ ಏನೂ ಆಗದು. ಬಿಪಿ ಮಾತ್ರೆ ನುಂಗುವವರು, ಹೃದ್ರೋಗಿಗಳು, ಗರ್ಭಿಣಿಯರು ವಾರಗಟ್ಟಲೆ ಪುಡಿ ಕದಡಿ ಕುಡಿಯುವುದು ತರವಲ್ಲ. ಇನ್ನು ಬೇಲಿಯ ಗುಲಗಂಜಿಯ ಬೇರೂ ಸಿಹಿಯೆಂದು ಅದನ್ನೇ ಜೇಷ್ಠಮಧುವಿನೊಳಗೆ ಬೆರೆಸಿ ಮಾರುವುದುಂಟು. ಗುಲಗಂಜಿಯ ಕಾಳು ಪ್ರಾಣ ತೆಗೆಯುವ ವಿಷ. ಗುರುತು ಬಲ್ಲ ಅಂಗಡಿಯಲ್ಲೇ ಕೊಳ್ಳಿ.

ಗಂಟಲಿನ ಮಾತು ಬಂದಾಗ ಆಡುಸೋಗೆಯನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ. ಅದು ಬೇರೆ ಜಾತಿ. ಆಡುಸೋಗೆ ಹೊದಿಸುವುದಿಲ್ಲ, ಕಫವನ್ನು ಕರಗಿಸಿ ಹೊರಗೆ ದಬ್ಬುತ್ತದೆ. ಅದರ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಎಂಬ ಇಂದಿನ ಔಷಧಿ ತಯಾರಾಯಿತು. ಪುದಿನ ಪೆಪ್ಪರ್‌ಮೆಂಟಿನ ಮೆಂಥಾಲ್ ಕೂಡ ಹೊದಿಸುವುದಿಲ್ಲ; ನರಕ್ಕೆ 'ತಂಪು' ಎಂಬ ಸುಳ್ಳು ಸುದ್ದಿ ಕೊಡುತ್ತದೆ.

ಅಡುಗೆಮನೆಯ ಲೋಳೆ

ಬೆಂಡೆಕಾಯಿ ಗೊಜ್ಜಿಗೆ ಹುಣಸೆಹುಳಿ ಬಿಡುವುದೇ ಲೋಳೆ ಮುರಿಯಲಿ ಎಂದು. ಲೋಳೆ ಕಂಡರೆ ಮುಖ ಸಿಂಡರಿಸುವ ನಾವು ಬೆಂಡೆಯನ್ನು ಹುರಿದು, ಒಣಗಿಸಿ, ಅದರ ಗುಣವನ್ನೇ ಕಳೆದು ತಿನ್ನುತ್ತೇವೆ. ಬೆಂಡೆ, ದಾಸವಾಳ ಒಂದೇ ಕುಟುಂಬದ ಗಿಡಗಳು. ಯುರೋಪಿನಲ್ಲಿ ಕೆಮ್ಮಿಗೆ ಬಳಸುವ ಮಾರ್ಷ್‌ಮ್ಯಾಲೋ ಗಿಡವೂ ಅದೇ ಕುಟುಂಬದ್ದು. ಮಕ್ಕಳು ತಿನ್ನುವ ಹತ್ತಿಯಂಥ ಮಾರ್ಷ್‌ಮ್ಯಾಲೋ ಮಿಠಾಯಿಗೆ ಆ ಹೆಸರು ಬಂದದ್ದು ಹಿಂದೆ ಅದನ್ನು ಆ ಗಿಡದ ಬೇರಿನ ಲೋಳೆಯಿಂದಲೇ ಮಾಡುತ್ತಿದ್ದರೆಂದು. ಇವತ್ತಿನದರಲ್ಲಿ ಬೇರೂ ಇಲ್ಲ, ಲೋಳೆಯೂ ಇಲ್ಲ, ಜೆಲಟಿನ್ ಇದೆ.

ಲೋಳೆ ತೆಗೆಯುವುದಕ್ಕೆ ಒಂದು ಸೂತ್ರವಿದೆ: ಲೋಳೆಗೆ ತಣ್ಣೀರು, ಗಂಜಿಗೆ ಬಿಸಿನೀರು. ದಾಗಡಿ, ಕಾಮಕಸ್ತೂರಿ, ಮೆಂತ್ಯ ತಣ್ಣೀರಿಗೇ ಲೋಳೆ ಬಿಡುತ್ತವೆ. ಕಷಾಯದಂತೆ ಕೊತಕೊತ ಕುದಿಸಿದರೆ ಲೋಳೆಯ ಜೊತೆಗೆ ಒಗರೂ ಇಳಿಯುತ್ತದೆ, ಅದು ಒಣಗಿದ ಗಂಟಲನ್ನು ಇನ್ನಷ್ಟು ಬಿಗಿಯುತ್ತದೆ. ಒಂದು ಚಮಚ ಮೆಂತ್ಯವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಬೆರಳಲ್ಲಿ ಒತ್ತಿ ನೋಡಿ, ಕಾಳು ಜಾರಿ ಓಡುತ್ತದೆ. ಕಾಳಿನ ತೂಕದ ಸುಮಾರು ಕಾಲುಭಾಗ ಇಂಥ ಲೋಳೆಯ ನಾರೇ. ರಾಗಿಯದು ಇದಕ್ಕೆ ಉಲ್ಟಾ. ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿದರೆ ತಳಕ್ಕೆ ಕೂರುತ್ತದೆ. ಬಿಸಿ ತಾಗಿದ ಮೇಲೆಯೇ ಪಿಷ್ಟದ ಕಣಗಳು ನೀರು ಕುಡಿದು ಊದಿ ಒಡೆದು ಗಂಜಿ ಮಂದವಾಗುತ್ತದೆ. ಜ್ವರದಲ್ಲಿ ಬಾಯಿ ಕೆಟ್ಟವರಿಗೆ ರಾಗಿಗಂಜಿ ಹಿತವಾಗುವುದು ಹೊಟ್ಟೆ ತುಂಬಿಸುತ್ತದೆಂದು ಮಾತ್ರವಲ್ಲ, ದಾರಿಯುದ್ದಕ್ಕೂ ಸವರಿಕೊಂಡು ಇಳಿಯುತ್ತದೆಂದು.

ಬಾಯಿ ಹುಣ್ಣಾದರೆ ನಮ್ಮಲ್ಲಿ ಬಸಳೆ ಸೊಪ್ಪಿನ ಸಾರು, ಇಲ್ಲವೇ ಗಸಗಸೆ ಪಾಯಸ. ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆಗಳಲ್ಲಿ ಹಸಿ ಕೊಬ್ಬರಿ ಜಗಿದು ಅದರ ಹಾಲನ್ನು ಬಾಯಲ್ಲಿ ಆಡಿಸುತ್ತಾರೆ. ಇಲ್ಲೊಂದು ವ್ಯತ್ಯಾಸ ಗಮನಿಸಿ. ಬಸಳೆಯದು ಲೋಳೆ, ಕೊಬ್ಬರಿಯದು ಜಿಡ್ಡು. ಜಿಡ್ಡೂ ಸವರುತ್ತದೆ, ಆದರೆ ಒದ್ದೆ ಪೊರೆಗೆ ಲೋಳೆಯಷ್ಟು ಹೊಂದಿಕೊಳ್ಳುವುದಿಲ್ಲ. ಎಣ್ಣೆ, ತುಪ್ಪದ ನಿಜವಾದ ಜಾಗ ಒಡೆದ ತುಟಿ, ಬಿರಿದ ಹಿಮ್ಮಡಿ. ಎಳೆಮಗುವಿನ ಮೂಗಿಗೆ ಹರಳೆಣ್ಣೆಯನ್ನೋ ತುಪ್ಪವನ್ನೋ ಬಿಡುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಮೂಗಿಗೆ ಬಿಟ್ಟ ಎಣ್ಣೆ ಮಗುವಿಗೆ ಕೆಮ್ಮೂ ಬರಿಸದೆ ಶ್ವಾಸಕೋಶಕ್ಕೆ ಇಳಿದು ಕೂರಬಹುದು. ಅದರಿಂದಾಗುವ ನ್ಯುಮೋನಿಯಾ ಬೇಗ ಬಿಡುವಂಥದ್ದಲ್ಲ.

ಹೊಟ್ಟೆಯ ಕಡೆಗೆ ಬಂದರೆ ಇಸಬ್ಗೋಲ್. ಬೀಜ ಕುದುರೆಯ ಕಿವಿಯಂತಿದೆಯೆಂದು ಪರ್ಷಿಯನ್ನರು ಇಟ್ಟ ಹೆಸರದು. ಬೆಳೆ ಹೆಚ್ಚಾಗಿ ರಾಜಸ್ಥಾನ, ಗುಜರಾತಿನದು. ಇದರ ಹೊಟ್ಟು ನೀರು ಹೀರಿ ಊದಿ ಮಲವನ್ನು ಮೆತ್ತಗಾಗಿಸುತ್ತದೆ, ಮೂಲವ್ಯಾಧಿಯವರಿಗೆ ಉರಿ ತಪ್ಪಿಸುತ್ತದೆ. ಒಣಪುಡಿಯನ್ನು ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದರೆ ಮಾತ್ರ ಗಂಟಲಲ್ಲೇ ಊದಿ ಉಸಿರು ಕಟ್ಟಿಸೀತು. ದೊಡ್ಡ ಲೋಟದ ನೀರಿಗೆ ಹಾಕಿ, ಕಲಕಿ, ಕೂಡಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ಲೋಳೆಸರದಲ್ಲೂ ಎಚ್ಚರ ಬೇಕು. ಎಲೆ ಕೊಯ್ದಾಗ ಸಿಪ್ಪೆಯಡಿಯಿಂದ ಸೋರುವ ಹಳದಿ ಹಾಲು ಬಲವಾದ ಭೇದಿ ತರಿಸುತ್ತದೆ. ಒಳಗಿನ ಕನ್ನಡಿಯಂಥ ತಿರುಳೇ ಬೇರೆ, ಹೊರಗಿನ ಹಳದಿಯೇ ಬೇರೆ.

ಆಸ್ಪತ್ರೆಯಲ್ಲೂ ಅದೇ ಲೋಳೆ

ಇವೆಲ್ಲ ಅಜ್ಜಿ ಕಾಲದ ಮಾತು ಎನ್ನುವವರು ಔಷಧಿ ಅಂಗಡಿಯ ಪೆಟ್ಟಿಗೆಗಳ ಮೇಲಿನ ಸಣ್ಣ ಅಕ್ಷರ ಓದಬೇಕು. ಮೊಬೈಲು ನೋಡಿ ನೋಡಿ ಒಣಗಿದ ಕಣ್ಣಿಗೆ ವೈದ್ಯರು ಬರೆಯುವ ಹನಿಯಲ್ಲಿ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಇರುತ್ತದೆ. ಗಿಡದ ನಾರನ್ನೇ ನೀರಿನಲ್ಲಿ ಕರಗುವಂತೆ ಮಾಡಿದ ಲೋಳೆ ಅದು. ಎದೆಯುರಿಗೆ ಕೊಡುವ ಆಲ್ಜಿನೇಟ್ ಕಡಲ ಪಾಚಿಯ ಲೋಳೆ. ಜಠರದ ಆಮ್ಲದ ಮೇಲೆ ತೆಪ್ಪದಂತೆ ತೇಲಿ, ಆಮ್ಲ ಮೇಲಕ್ಕೆ ಉಕ್ಕದಂತೆ ತಡೆಯುತ್ತದೆ. ಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್ ಹುಣ್ಣಿನ ಮೇಲೆ ಅಂಟಿಕೊಂಡು ತೇಪೆ ಹಾಕುತ್ತದೆ. ಹೆಸರು ದೊಡ್ಡದು, ತತ್ವ ದಾಗಡಿ ಬಳ್ಳಿಯದೇ.

ಆಯುರ್ವೇದ ಇದಕ್ಕೆ ಮೊದಲಿನಿಂದಲೂ 'ಪಿಚ್ಛಿಲ' ಎಂಬ ಗುಣದ ಹೆಸರು ಕೊಟ್ಟು ಲೆಕ್ಕದಲ್ಲಿಟ್ಟಿದೆ. ಪಿಚ್ಛಿಲ ಎಂದರೆ ಲೋಳೆಯಾದದ್ದು, ಜಾರುವಂಥದ್ದು. ಆಮಶಂಕೆಯಿಂದ ಕರುಳು ಹುಣ್ಣಾದವರಿಗೆ ಬೂರುಗದ ಅಂಟಿನಂಥ ಲೋಳೆಯ ವಸ್ತುಗಳಿಂದ ಕೊಡುವ ಪಿಚ್ಛಾಬಸ್ತಿ ಎಂಬ ಚಿಕಿತ್ಸೆ ಹಳೆಯ ಸಂಹಿತೆಗಳಲ್ಲೇ ಇದೆ. ಹಾಸನದ ತಣ್ಣೀರುಹಳ್ಳದಲ್ಲಿ 1992ರಿಂದ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆ ಇದೆ. ಮನೆಮದ್ದಿನ ಬಗ್ಗೆ ಅನುಮಾನವಿದ್ದರೆ ಮೊಬೈಲಿನ ವಿಡಿಯೊ ಕೇಳುವುದಕ್ಕಿಂತ ಓದಿದ ವೈದ್ಯರನ್ನು ಕೇಳುವುದು ಕ್ಷೇಮ. ಬಳ್ಳಿಯ ಗುರುತಿಲ್ಲದವರು ಬೇಲಿಯ ಹಸಿರನ್ನೆಲ್ಲ ಕಿವುಚಿ ಕುಡಿಯುವುದೂ ಬೇಡ.

ಇನ್ನೊಂದು ಸೂಕ್ಷ್ಮ. ಲೋಳೆ ಉರಿಯನ್ನಷ್ಟೇ ಅಲ್ಲ, ಮಾತ್ರೆಯನ್ನೂ ಹೊದೆಸುತ್ತದೆ. ಮೆಂತ್ಯ, ಇಸಬ್ಗೋಲ್ ಕುಡಿದ ಬೆನ್ನಿಗೇ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಥೈರಾಯ್ಡ್ ಮಾತ್ರೆಯನ್ನೋ ನುಂಗಿದರೆ ಅದು ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ನಡುವೆ ಒಂದೆರಡು ಗಂಟೆ ಬಿಡಿ.

ಹದಿನೈದನೇ ದಿನ

ಮತ್ತೆ ಆ ನೇವರಿಕೆಯ ಮಾತಿಗೆ ಬರೋಣ. ಲೋಳೆಯ ದೊಡ್ಡ ಗುಣವೂ ದೊಡ್ಡ ಅಪಾಯವೂ ಒಂದೇ: ಉರಿ ತಿಳಿಯದಂತೆ ಮಾಡುತ್ತದೆ. ನೆಗಡಿಯ ಗಂಟಲು, ಖಾರ ಹೆಚ್ಚಾದ ಹೊಟ್ಟೆ ತಮ್ಮಷ್ಟಕ್ಕೆ ವಾಸಿಯಾಗುವಂಥವು. ಮೈ ತನ್ನ ಪೊರೆಯನ್ನು ತಾನೇ ಹೊಲಿದುಕೊಳ್ಳುತ್ತದೆ. ಅಷ್ಟು ದಿನ ಹೊದ್ದುಕೊಳ್ಳಲು ಏನಾದರೂ ಬೇಕು, ಅದಕ್ಕೆ ಲೋಳೆಗಿಂತ ಅಗ್ಗದ್ದು, ಹಿತವಾದದ್ದು ಸಿಗದು. ಆದರೆ ತಮ್ಮಷ್ಟಕ್ಕೆ ವಾಸಿಯಾಗದ ಉರಿಗಳೂ ಇವೆ. ಎರಡು ವಾರ ದಾಟಿದ ಕೆಮ್ಮು ಕ್ಷಯವಿರಬಹುದು. ಅಡಿಕೆ, ಹೊಗೆಸೊಪ್ಪು ಹಾಕುವವರ ಬಾಯಲ್ಲಿ ಮೂರು ವಾರಕ್ಕೂ ಮಾಯದ ಹುಣ್ಣು ಕ್ಯಾನ್ಸರಿನ ಮೊದಲ ಸುಳಿವಿರಬಹುದು. ದಿನಾ ಬಸಳೆ ಸಾರು ಉಂಡು ಅದನ್ನು ಸುಮ್ಮನಿರಿಸುತ್ತಾ ಕೂತರೆ ಕಳೆಯುವುದು ಚಿಕಿತ್ಸೆಯ ಕಾಲ. ಜ್ವರದೊಂದಿಗೆ ಉರಿಮೂತ್ರವಾದರೆ ಸೋಂಕು, ಅದಕ್ಕೆ ಬಾರ್ಲಿ ಗಂಜಿ ಸಾಲದು. ಕಫದಲ್ಲಿ ರಕ್ತ, ಸಂಜೆ ಜ್ವರ, ಇಳಿಯುತ್ತಿರುವ ತೂಕ, ನುಂಗಲಾಗದ ಗಂಟಲು, ಏದುಸಿರು ಬಿಡುವ ಮಗು ಇವಕ್ಕೆ ಕಾಯುವ ಪ್ರಶ್ನೆಯೇ ಇಲ್ಲ, ಅವತ್ತೇ ಹೊರಡಬೇಕು.

ಹಾಗಾಗಿ ನನ್ನದೊಂದು ಸಣ್ಣ ಕೋರಿಕೆ. ಮನೆಯಲ್ಲಿ ಯಾರಿಗಾದರೂ ಕೆಮ್ಮು ಶುರುವಾದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಹದಿನಾಲ್ಕು ದಿನ ಜೇನು, ಮೆಂತ್ಯ, ಜೇಷ್ಠಮಧು, ರಾಗಿ ಗಂಜಿಗೆ ಬಿಟ್ಟುಕೊಡಿ. ಬಹಳಷ್ಟು ಕೆಮ್ಮು ಅಷ್ಟರಲ್ಲಿ ದಾರಿ ಹಿಡಿದಿರುತ್ತದೆ. ಹೋಗದಿದ್ದರೆ ಹದಿನೈದನೇ ದಿನ ಬೆಳಿಗ್ಗೆ ಹೊಳೆನರಸೀಪುರವೋ, ಅರಕಲಗೂಡೋ, ಚನ್ನರಾಯಪಟ್ಟಣವೋ, ಹಾಸನವೋ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.